ಮಳೆ ಬರೋವಾಗ ಹಕ್ಕಿ ನೋಡೋದು ಹೇಗೆ?

ಮಳೆ ಶುರುವಾಯ್ತು ಅಂದ್ರೆ ಹಕ್ಕಿಗಳೆಲ್ಲ ಮಾಯ ಅಂದ್ಕೊಂಡು ಬಹಳ ಜನ ಬೈನಾಕ್ಯುಲರ್ ಎತ್ತಿಟ್ಟುಬಿಡ್ತಾರೆ, ಆದ್ರೆ ಒಂದೇ ಹಕ್ಕಿನ ತುಂಬ ಹೊತ್ತು ಕಣ್ತುಂಬ ನೋಡೋಕೆ ಸಿಗೋದೇ ಆಗ, ಯಾಕಂದ್ರೆ ಅದು ಕೂತ ಕಡೆಯಿಂದ ಏಳಲ್ಲ.

ಮೊದಲು ಜಾಗ ನೋಡ್ಕೊಳ್ಳಿ. ಕಿಟಕಿ, ವರಾಂಡ, ನಿಲ್ಲಿಸಿದ ಕಾರು ಯಾವುದಾದ್ರೂ ಸರಿ, ಎದುರಿಗೆ ಒಂದು ದಟ್ಟ ಮರ, ಒಂದು ಬೋಳು ಕೊಂಬೆ ಕಾಣ್ಬೇಕು. ಗುಡುಗು ಸಿಡಿಲಿದ್ರೆ ಮರದ ಕೆಳಗೆ, ಬಯಲಲ್ಲಿ ನಿಲ್ಲಲೇಬೇಡಿ. ಮೋಡದ ಬೆಳಕಿಗೆ 8×42 ಬೈನಾಕ್ಯುಲರ್ ಒಳ್ಳೇದು, 8 ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತೆ, 42 ಅನ್ನೋದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಬರ್ಕೊಳ್ಳೋಕೆ ಪೆನ್ಸಿಲ್ ಇರಲಿ, ಇಂಕು ಹರಡುತ್ತೆ.

ಮೋಡ ಕಟ್ಟಿದಾಗಲೇ ಹೋಗಿ ಕೂತ್ಕೊಳ್ಳಿ. ಹುಳಗಳು ತಗ್ಗಲ್ಲಿ ಹಾರ್ತಿದ್ರೆ ಅವನ್ನ ಹಿಡಿಯೋ ಕವಲುತೋಕೆ (ಸ್ವಾಲೋ) ಹಕ್ಕಿಗಳೂ ನೆಲ ಸವರ್ಕೊಂಡೇ ಹಾರ್ತವೆ.

ಹನಿ ಬಿದ್ದ ಮೇಲೆ ಒಂದು ಹಕ್ಕಿನ ಆರಿಸ್ಕೊಂಡು ಕೊನೇವರೆಗೂ ಅದನ್ನೇ ನೋಡಿ, ನನ್ನ ಪ್ರಕಾರ ಇದೇ ಮುಖ್ಯ, ಹತ್ತು ಹಕ್ಕಿ ಹುಡುಕ್ತಾ ಹೋದ್ರೆ ಒಂದೂ ಸರಿಯಾಗಿ ಸಿಗಲ್ಲ. ತುಂತುರಲ್ಲಿ ಪುಕ್ಕ ಉಬ್ಬಿಸ್ಕೊಂಡು ಮೈ ಕೊಡವ್ತಿರುತ್ತೆ, ಕೆಲವು ಖುಷಿಯಾಗಿ ಸ್ನಾನನೂ ಮಾಡ್ತವೆ. ಮಳೆ ಜೋರಾದ್ರೆ ವರಸೆನೇ ಬೇರೆ. ಒಂದ್ಸಲ ಒಂದು ಪಿಕಳಾರನ್ನ ನೋಡ್ತಾ ಕೂತಿದ್ದೆ, ಜುಟ್ಟು ತಲೆಗೆ ಅಂಟಿತ್ತು, ಪುಕ್ಕ ಎಲ್ಲ ಮೈಗೆ ಒತ್ತಿ ಕಡ್ಡಿ ತರ ಸೆಟೆದು ಕೊಕ್ಕು ಮೇಲೆ ಮಾಡ್ಕೊಂಡು ಕೂತಿತ್ತು, ನೀರು ಬೆನ್ನಿಂದ ಜಾರಿ ಬಾಲದ ತುದಿಯಿಂದ ಒಂದೊಂದೇ ಹನಿ ಬೀಳ್ತಿತ್ತು, ಅದು ಕಣ್ಣು ಮುಚ್ಚಿ ತೆರೀತಿತ್ತೇ ಹೊರತು ಅಲ್ಲಾಡ್ಲಿಲ್ಲ. ಹಕ್ಕಿ ಮೈ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್, ಪುಕ್ಕದ ಸಂದಿಲಿರೋ ಗಾಳಿನೇ ಅದಕ್ಕೆ ಸ್ವೆಟರ್, ನೀರು ಒಳಗಿಳಿದ್ರೆ ಬಿಸಿ ಹೋಯ್ತು, ಅದಕ್ಕೇ ಆ ಭಂಗಿ. ಚಿಕ್ಕ ಹಕ್ಕಿಗಳು ತುಂಬ ಹೊತ್ತು ಉಪವಾಸ ಇರೋಕಾಗಲ್ಲ, ಮಳೆ ನಿಲ್ಲದಿದ್ರೆ ನೆನ್ಕೊಂಡೇ ಊಟ ಹುಡುಕೋಕೆ ಹೊರಡ್ತವೆ, ಆ ಟೈಮನ್ನ ಬರ್ಕೊಳ್ಳಿ.

ಗೂಡು ಕಂಡ್ರೆ ದಯವಿಟ್ಟು ಹತ್ತಿರ ಹೋಗ್ಬೇಡಿ. ತಾಯಿ ರೆಕ್ಕೆ ಅಗಲಿಸಿ ಮರಿಗಳಿಗೆ ಕೊಡೆ ಹಿಡಿದಂಗೆ ಕೂತಿರುತ್ತೆ, ನಮ್ಮಿಂದ ಹೆದರಿ ಎದ್ದು ಹೋದ್ರೆ ಪುಕ್ಕ ಬರದ ಮರಿಗಳು ನೆನೆದು ಚಳಿಗೆ ಸತ್ತೇ ಹೋಗ್ಬಹುದು, ಒಂದು ಫೋಟೋಗೋಸ್ಕರ ಅದು ಬೇಡ. ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯೋದೂ ಬೇಡ.

ಮಳೆ ನಿಂತ ತಕ್ಷಣ ಎದ್ದು ಬರ್ಬೇಡಿ, ಅಸಲಿ ಗದ್ದಲ ಶುರುವಾಗೋದೇ ಆಗ. ಬಹಳಷ್ಟು ಹಕ್ಕಿಗಳಿಗೆ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇದೆ, ಕೊಕ್ಕನ್ನ ಅಲ್ಲಿ ಉಜ್ಜಿ ಒಂದೊಂದೇ ಗರಿಗೆ ಸವರ್ಕೊಳ್ಳೋದನ್ನ ಗಮನಿಸಿ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸ್ಕೊಳ್ಳುತ್ತೆ. ಗೆದ್ದಲಿನ ರೆಕ್ಕೆ ಹುಳ ಎದ್ರಂತೂ ಕಾಜಾಣ ಗಾಳಿಲೇ ಹಿಡಿಯುತ್ತೆ, ಗೊರವಂಕ ನೆಲದ ಮೇಲೆ ಓಡಾಡಿ ಹೆಕ್ಕುತ್ತೆ, ಕಾಗೆ ಎರಡೂ ಕಡೆ ನುಗ್ಗುತ್ತೆ, ಆಗ ನೋಟ್‌ಬುಕ್ ಕಡೆ ತಲೆ ಬಗ್ಗಿಸ್ಬೇಡಿ, ಆಮೇಲೆ ಬರ್ಕೊಂಡ್ರಾಯ್ತು.