ಬಿಪಿ ಎಷ್ಟು ಎಂದಷ್ಟೇ ಅಲ್ಲ, ಎಷ್ಟು ಗಂಟೆಗೆ ಎಂದೂ ಬರೆದಿಡಿ

ಬೆಳಿಗ್ಗೆ ಎದ್ದಾಗ 152, ಮಧ್ಯಾಹ್ನ ಉಂಡು ಕೂತಾಗ 128, ಸಂಜೆ 138. ಮಷಿನ್ ಕೆಟ್ಟಿದೆ ಎಂದುಕೊಳ್ಳಬೇಡಿ, ಮೂರೂ ನಿಜವಿರಬಹುದು. ರಕ್ತದೊತ್ತಡ ದಿನವಿಡೀ ಏರಿಳಿಯುತ್ತದೆ. ನಿದ್ದೆಯಲ್ಲಿ ಅದು ಹಗಲಿನ ಸರಾಸರಿಗಿಂತ ಶೇ 10ರಿಂದ 20ರಷ್ಟು ಇಳಿಯಬೇಕು. ಏಳುವ ಹೊತ್ತಿಗೆ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಲಿನ್‌ ಹೆಚ್ಚಾಗಿ ರಕ್ತನಾಳ ಬಿಗಿಯುತ್ತವೆ, ಒತ್ತಡ ಏರುತ್ತದೆ. ಬಿಪಿ ಇದ್ದವರಲ್ಲಿ ಈ ಏರಿಕೆ ಕಡಿದಾಗಿರಬಹುದು. ಹೃದಯಾಘಾತ, ಪಾರ್ಶ್ವವಾಯು ಬೆಳಿಗ್ಗೆ 6ರಿಂದ 12ರ ನಡುವೆ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಹನ್ನೊಂದು ಗಂಟೆಗೆ ಕ್ಲಿನಿಕ್‌ನಲ್ಲಿ, ಮಾತ್ರೆಯ ಪ್ರಭಾವ ಜೋರಾಗಿರುವಾಗ ಒಮ್ಮೆ ನೋಡಿದ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ.

ಡಾಕ್ಟರ ಬಳಿ ಹೋಗುವ ಮುನ್ನ ಒಂದು ವಾರ ಹೀಗೆ ಮಾಡಿ. ತೋಳಿಗೆ ಕಟ್ಟುವ ಮಷಿನ್ ಬಳಸಿ. ಮಣಿಕಟ್ಟಿನದು ಕೈ ಇಟ್ಟ ಎತ್ತರಕ್ಕೆ ತಕ್ಕಂತೆ ಲೆಕ್ಕ ತಪ್ಪಿಸುತ್ತದೆ. ಟೇಪಿನಿಂದ ತೋಳಿನ ಸುತ್ತಳತೆ ನೋಡಿ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ ಸರಿ. ಅದಕ್ಕಿಂತ ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೇ ಕೊಳ್ಳಿ, ಚಿಕ್ಕದಾದರೆ ಇಲ್ಲದ ಬಿಪಿ ಕಾಣಿಸುತ್ತದೆ. ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ತೋರಿಸುವ ತೋಳಿನಲ್ಲೇ ಮುಂದುವರಿಯಿರಿ. ಎರಡರ ನಡುವೆ ಮತ್ತೆ ಮತ್ತೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಿ.

ಬೆಳಗಿನ ಅಳತೆ ಎದ್ದು ಒಂದು ಗಂಟೆಯೊಳಗೆ: ಮೂತ್ರ ಮಾಡಿ ಬಂದ ಮೇಲೆ, ಕಾಫಿ, ತಿಂಡಿ, ಬಿಪಿ ಮಾತ್ರೆ ಇವೆಲ್ಲಕ್ಕೂ ಮುಂಚೆ. ಸಂಜೆಯದು ಮಲಗುವ ಮುನ್ನ, ಅಥವಾ ರಾತ್ರಿ ಊಟಕ್ಕೆ ಮೊದಲು. ಯಾವುದಾದರೂ ಒಂದು, ಏಳೂ ದಿನ ಅದೇ. ಅಳತೆಗೆ ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು, ವಾಕಿಂಗ್ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಟಿವಿ ಆಫ್, ಫೋನ್ ದೂರ, ಮಾತು ಬೇಡವೇ ಬೇಡ. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಕೈ 10 ಸೆಂ.ಮೀ. ಕೆಳಗಿಳಿದರೂ ಸಂಖ್ಯೆ 7–8 ಏರುತ್ತದೆ. ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಕಟ್ಟಾಗುತ್ತದೆ; ಅದರ ಬದಲು ಸಡಿಲ ಬಟ್ಟೆ ಹಾಕಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಮೊದಲನೆಯದು ಹೆಚ್ಚು ಬಂತೆಂದು ಒಳ್ಳೆಯದು ಸಿಗುವ ತನಕ ಒತ್ತುತ್ತಾ ಕೂರುವವರು ಬಹಳ. ಹಾಗೆ ಬರೆದ ಲೆಕ್ಕದಿಂದ ಡಾಕ್ಟರಿಗೇನೂ ತಿಳಿಯದು. ಮಷಿನ್‌ನ ನೆನಪನ್ನು ನೆಚ್ಚುವವರು ಗಡಿಯಾರ ನೋಡಿಕೊಳ್ಳಿ, ಸೆಲ್ ಬದಲಿಸಿದಾಗ ಸಮಯ ತಪ್ಪಿರುತ್ತದೆ.

ಮೊದಲ ದಿನದ ನಾಲ್ಕು ಅಳತೆ ಬಿಡಿ. ಉಳಿದ 24ರಲ್ಲಿ ಬೆಳಗಿನ ಹನ್ನೆರಡಕ್ಕೆ ಬೇರೆ ಸರಾಸರಿ, ಸಂಜೆಯ ಹನ್ನೆರಡಕ್ಕೆ ಬೇರೆ ಸರಾಸರಿ ತೆಗೆಯಿರಿ. ಎಲ್ಲ ಸೇರಿಸಿ ಒಂದೇ ಸರಾಸರಿ ಮಾಡಿದರೆ ಮುಖ್ಯ ಸುಳಿವೇ ಮುಚ್ಚಿಹೋಗುತ್ತದೆ. ಮನೆಯ ಅಳತೆಗೆ ಗಡಿ 135/85, ಕ್ಲಿನಿಕ್‌ನ 140/90 ಅಲ್ಲ.

ಸಂಜೆ 126/78, ಬೆಳಿಗ್ಗೆ 148/92 ಎಂದಿಟ್ಟುಕೊಳ್ಳಿ. ಮಾತ್ರೆಯ ಕಸುವು 24 ಗಂಟೆ ಬಾಳುತ್ತಿಲ್ಲ ಎಂಬುದು ಮೊದಲ ಅನುಮಾನ. ಎಲ್ಲ ಮಾತ್ರೆಯೂ ಒಂದೇ ಸಮ ಬಾಳುವುದಿಲ್ಲ: ಆಮ್ಲೋಡಿಪಿನ್ ಒಂದು ದಿನ ದಾಟಿಯೂ ಇರುತ್ತದೆ, ಲೋಸಾರ್ಟನ್‌ನ ಪ್ರಭಾವ ಕೆಲವರಲ್ಲಿ ಬೇಗ ಕುಗ್ಗುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ರಾತ್ರಿಯ ಮದ್ಯ, ನಿದ್ದೆಗೇಡು, ಮಾತ್ರೆ ತಪ್ಪಿಸುವುದು ಇವೂ ಕಾರಣವಿರಬಹುದು. ಮಾತ್ರೆ ಬದಲಿಸುವುದೋ ಎರಡು ಹೊತ್ತಿಗೆ ಹಂಚುವುದೋ ಡಾಕ್ಟರ ತೀರ್ಮಾನ. ನೀವು ಬರೆದಿಟ್ಟ ಲೆಕ್ಕ ಅದಕ್ಕೆ ಆಧಾರ.

ಉಲ್ಟಾ, ವಯಸ್ಸಾದವರಿಗೆ ಊಟವಾದ ಎರಡು ಗಂಟೆಯೊಳಗೆ ತಲೆ ಸುತ್ತುತ್ತಿದ್ದರೆ ಊಟಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ. ಮೇಲಿನ ಸಂಖ್ಯೆ 20 ಇಳಿದಿದ್ದರೆ ಅದನ್ನೂ ಬರೆಯಿರಿ. ಕೂತು ಎದ್ದ ಮೂರು ನಿಮಿಷದೊಳಗೆ ಅಷ್ಟು ಇಳಿದರೂ ಹಾಗೆಯೇ.

ರಾತ್ರಿಯ ಕತೆ ಮನೆಯ ಸಾಮಾನ್ಯ ಮಷಿನ್‌ಗೆ ಸಿಗುವುದಿಲ್ಲ; ಎಬ್ಬಿಸಿ ನೋಡಿದರೆ ಅದು ನಿದ್ದೆಯ ಬಿಪಿಯೇ ಅಲ್ಲ. ಅದಕ್ಕೆ 24 ಗಂಟೆಯ ಆಂಬುಲೇಟರಿ ಪರೀಕ್ಷೆ ಇದೆ. ಸೊಂಟಕ್ಕೆ ಕಟ್ಟಿದ ಪೆಟ್ಟಿಗೆ ಹಗಲು 15–30 ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಅಳೆಯುತ್ತದೆ. ಪಟ್ಟಿ ಉಬ್ಬುವಾಗ ನಡೆಯುತ್ತಿದ್ದರೆ ನಿಂತು, ಕೈ ಅಲುಗಿಸದೆ ಸಡಿಲ ಬಿಡಿ. ಅಲುಗಿದರೆ ಅದು ಮತ್ತೆ ಉಬ್ಬುತ್ತದೆ. ಮಲಗಿದ, ಎದ್ದ ಹೊತ್ತು ತಪ್ಪದೆ ಬರೆಯಿರಿ, ಇಲ್ಲವಾದರೆ ನೀವು ಟಿವಿ ನೋಡುತ್ತಿದ್ದ ಹನ್ನೊಂದು ಗಂಟೆಯೂ ನಿದ್ದೆಯ ಲೆಕ್ಕಕ್ಕೆ ಸೇರುತ್ತದೆ. ಹಗಲಿನ ಸರಾಸರಿ 140, ರಾತ್ರಿಯದು 130 ಎಂದರೆ ಇಳಿಕೆ ಶೇ 7 ಮಾತ್ರ. ರಾತ್ರಿಯ ಗಡಿ 120/70. ಇಳಿಯದಿರುವುದಕ್ಕೆ ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಕಾರಣ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯೂ ಕಾರಣ. ದಿನಕ್ಕೆ ಉಪ್ಪು ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚೆಗೂ ಕಡಿಮೆ.

ಹಾಗಾದರೆ ಮಾತ್ರೆ ರಾತ್ರಿಗೆ ಬದಲಿಸಿಬಿಡೋಣವೇ? ರಾತ್ರಿ ತಗೊಂಡರೆ ಭಾರಿ ಲಾಭ ಎಂದು 2019ರಲ್ಲಿ ಸ್ಪೇನ್‌ನ ಒಂದು ಅಧ್ಯಯನ ಹೇಳಿದ ಮೇಲೆ ಈ ಸಲಹೆ ವಾಟ್ಸಾಪಿನಲ್ಲಿ ಓಡಾಡಿತು. 2022ರಲ್ಲಿ ಬ್ರಿಟನ್ನಿನ ಟೈಮ್ ಅಧ್ಯಯನ 21,000ಕ್ಕೂ ಹೆಚ್ಚು ಮಂದಿಯನ್ನು ನೋಡಿತು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಬೆಳಿಗ್ಗೆಗೂ ಸಂಜೆಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ತಗೊಳ್ಳಲು ಆಗುವ ಹೊತ್ತೇ ಸರಿಯಾದ ಹೊತ್ತು. ಮೂತ್ರ ಹೆಚ್ಚಿಸುವ ಮಾತ್ರೆಯನ್ನಂತೂ ಬೆಳಿಗ್ಗೆಯೇ ಇಟ್ಟುಕೊಳ್ಳಿ, ಕತ್ತಲಲ್ಲಿ ಬಚ್ಚಲಿಗೆ ಎದ್ದು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇದ್ದವರು ಕೇಳದೆ ರಾತ್ರಿಗೆ ಬದಲಿಸಬೇಡಿ. ರಾತ್ರಿ ಬಿಪಿ ತೀರಾ ಇಳಿದರೆ ಕಣ್ಣಿನ ನರಕ್ಕೆ ರಕ್ತ ಸಾಲದು.

ಯಾವ ಹೊತ್ತಿಗಾದರೂ 180/120 ದಾಟಿತೋ, ಐದು ನಿಮಿಷ ಕೂತು ಮತ್ತೆ ನೋಡಿ. ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ಇವ್ಯಾವುವೂ ಇಲ್ಲದೆ ಸಂಖ್ಯೆ ಮಾತ್ರ ಹಾಗೇ ಇದ್ದರೆ ಅಂದೇ ಡಾಕ್ಟರನ್ನು ಕಾಣಿ, ನೀವಾಗಿ ಇನ್ನೊಂದು ಮಾತ್ರೆ ನುಂಗಬೇಡಿ.

ರಾತ್ರಿ ಪಾಳಿಯವರು ಇಲ್ಲಿನ ‘ಬೆಳಿಗ್ಗೆ’ಯನ್ನು ‘ಎದ್ದ ಮೇಲೆ’ ಎಂದು ಓದಿಕೊಳ್ಳಿ. ಮಧ್ಯಾಹ್ನ 3ಕ್ಕೆ ಏಳುವವರಿಗೆ ಮೊದಲ ಅಳತೆ 4ರೊಳಗೆ. ಪಾಳಿ ಬದಲಾದ ವಾರ ಅಳೆಯಲು ಹೋಗಬೇಡಿ, ಒಂದೇ ಪಾಳಿಯಿರುವ ವಾರ ಆರಿಸಿ, ಲೆಕ್ಕದ ಹಾಳೆಯ ತಲೆಯಲ್ಲಿ ಪಾಳಿಯ ಸಮಯ ಬರೆದುಕೊಡಿ.