ಕಾಗದ ಸೀಳುವ ಚಾಕು ಮರ ಕೆತ್ತಲಿಲ್ಲ

ಕಾಡಿನಲ್ಲಿ ಮರಗೆಲಸಕ್ಕೆ ಬಳಸುವ ನನ್ನ ಬುಷ್‌ಕ್ರಾಫ್ಟ್ ಚಾಕು ಕಾಗದವನ್ನು ಸದ್ದಿಲ್ಲದೆ ಸೀಳುತ್ತಿತ್ತು. ಆದರೆ ಹಸಿ ಕೊಂಬೆಯಿಂದ ಚಮಚ ಕೆತ್ತಲು ಕುಳಿತರೆ ಅದೇ ಅಲಗು ಮರದ ಮೇಲೆ ಜಾರುತ್ತಿತ್ತು. ಅಲಗಿನ ಬೆನ್ನನ್ನು ತುಸು ಎತ್ತಿ ಹಿಡಿದರೆ ಒಮ್ಮೆಲೇ ಆಳಕ್ಕೆ ಕಚ್ಚಿಕೊಳ್ಳುತ್ತಿತ್ತು. ಅಡುಗೆಮನೆಯ ಚಾಕು ಮಸೆದ ರೂಢಿಯಿಂದ ಇದನ್ನೂ ಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಎತ್ತಿ ಉಜ್ಜುತ್ತ ಬಂದಿದ್ದೆ. ತಪ್ಪು ಅಲ್ಲಿತ್ತು.

ಸ್ಕ್ಯಾಂಡಿ ಎಂದು ಕರೆಯುವ ಈ ಬಗೆಯ ಅಲಗಿನಲ್ಲಿ ಬಾಯಿಯವರೆಗೂ, ಅಂದರೆ ಹರಿತವಾದ ಅಂಚಿನವರೆಗೂ, ಒಂದೇ ಚಪ್ಪಟೆ ಇಳಿಜಾರು ಇರುತ್ತದೆ. ನನ್ನ ಚಾಕುವಿನ ದಪ್ಪ 3 ಮಿ.ಮೀ., ಇಳಿಜಾರಿನ ಅಗಲ ಸುಮಾರು 7 ಮಿ.ಮೀ.; ಲೆಕ್ಕ ಹಾಕಿದರೆ ಒಂದೊಂದು ಬದಿಗೆ 12 ಡಿಗ್ರಿಯಷ್ಟಾಗುತ್ತದೆ. ಕೆತ್ತುವಾಗ ಈ ಅಗಲವಾದ ಇಳಿಜಾರು ಮರಕ್ಕೆ ಒರಗಿಕೊಂಡು ಬಾಯಿಗೆ ದಾರಿ ತೋರಿಸುತ್ತದೆ. ನಾನು ತುದಿಯಲ್ಲಿ ಕಡಿದಾದ ಎರಡನೆಯ ಇಳಿಜಾರನ್ನು ಮಾಡಿಬಿಟ್ಟಿದ್ದರಿಂದ, ಮೊದಲಿನದು ಮರಕ್ಕೆ ತಾಗಿದಾಗಲೂ ಬಾಯಿ ಕೂದಲೆಳೆಯಷ್ಟು ಮೇಲೆಯೇ ಉಳಿಯುತ್ತಿತ್ತು.

ಸರಿಪಡಿಸಲು ಎರಡು ಸಂಜೆ ಹಿಡಿದವು. ಇಳಿಜಾರಿಗೆಲ್ಲ ಮಾರ್ಕರ್ ಮಸಿ ಬಳಿದು, ಅದನ್ನು 400 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಕಲ್ಲಿನ ಮೇಲೆ ಪೂರ್ತಿ ಕೂರುವಂತೆ ಇಟ್ಟು, ಬೆರಳಿನಿಂದ ಒತ್ತಿ ಉಜ್ಜಿದೆ. ಮಸಿ ಮೊದಲು ಮೇಲಿನ ಅಂಚಿನಲ್ಲಿ ಅಳಿಯಿತು. ಬಾಯಿಯ ಬಳಿ ಕಪ್ಪು ಗೆರೆಯೊಂದು ಹಟ ಹಿಡಿದು ಉಳಿಯಿತು. ಆ ಗೆರೆ ಮಾಯವಾಗುವವರೆಗೆ ಕೋನವನ್ನು ಎತ್ತದಿರುವುದೇ ಈ ಕೆಲಸದ ಕಷ್ಟ, ಏಕೆಂದರೆ ಸ್ವಲ್ಪ ಎತ್ತಿದರೆ ಬೇಗ ಮುಗಿಯುತ್ತದೆಂದು ಕೈಗೆ ಗೊತ್ತಿರುತ್ತದೆ. ಮೊನೆಯ ಬಾಗಿದ ಭಾಗಕ್ಕೆ ಬಂದಾಗ ಮಾತ್ರ ಹಿಡಿಯನ್ನು ನಿಧಾನವಾಗಿ ಮೇಲೆತ್ತುತ್ತ ಇಳಿಜಾರು ಕಲ್ಲಿಗೆ ಅಂಟಿಕೊಂಡೇ ಇರುವಂತೆ ನೋಡಿಕೊಂಡೆ. ಕಲ್ಲಿನ ನಡುಭಾಗ ಸವೆದು ಹಳ್ಳ ಬಿದ್ದಿದ್ದರೆ ಇದೆಲ್ಲ ವ್ಯರ್ಥ. ನನ್ನದು ಬಿದ್ದಿತ್ತು, ಆದ್ದರಿಂದ ದಪ್ಪ ಗಾಜಿನ ಮೇಲೆ ಹಾಸಿದ ಮರಳುಕಾಗದದಲ್ಲಿ ಮೊದಲು ಅದನ್ನು ಸಮ ಮಾಡಬೇಕಾಯಿತು.

ಒಂದು ಬದಿ ಬಾಯಿಯವರೆಗೆ ಸವೆದಾಗ ಎದುರು ಬದಿಗೆ ಲೋಹದ ತೆಳು ಎಳೆಯೊಂದು ಮಗುಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಹೊರಕ್ಕೆ ಸರಿಸಿದರೆ ಅದು ತೊಡರುತ್ತದೆ. ಬಾಯಿಯ ಉದ್ದಕ್ಕೆ ಬೆರಳು ಎಳೆಯಲೇಬಾರದು. ಎಳೆ ಬುಡದಿಂದ ಮೊನೆಯವರೆಗೆ ಸಿಕ್ಕ ಮೇಲೆಯೇ ಬದಿ ಬದಲಿಸಿದೆ. ಆಮೇಲೆ 1000 ಮತ್ತು 4000 ಗ್ರಿಟ್‌ನ ಕಲ್ಲುಗಳಲ್ಲಿ ಒತ್ತಡ ಕಡಿಮೆ ಮಾಡುತ್ತ, ಕೊನೆಗೆ ಒಂದೊಂದೇ ಎಳೆತಕ್ಕೆ ಬದಿ ಬದಲಿಸುತ್ತ ಬಂದರೆ ಆ ಎಳೆ ತೆಳುವಾಗಿ ಉದುರುತ್ತದೆ. ಮುಗಿಸಲು ಪಾಲಿಶ್ ಸವರಿದ ಚರ್ಮದ ಮೇಲೆ ಬೆನ್ನು ಮುಂದಾಗಿ ಎಳೆಯುತ್ತೇನೆ. ಚರ್ಮ ಮೆತ್ತಗಿದ್ದರೆ ಬಾಯಿ ದುಂಡಾಗುವುದರಿಂದ, ತೆಳುವಾದುದನ್ನು ಹಲಗೆಗೆ ಅಂಟಿಸಿಕೊಂಡಿದ್ದೇನೆ.

ಈಗ ಕಾಗದವನ್ನು ನಂಬುವುದಿಲ್ಲ. ಒಣಗಿದ ಮೆದು ಮರದ ಕೊಯ್ದ ತುದಿಯನ್ನು ಮರದ ನಾರಿಗೆ ಅಡ್ಡವಾಗಿ ಹೆರೆದು ನೋಡುತ್ತೇನೆ: ಮೈ ಹೊಳೆದರೆ ಸರಿ, ಬಿಳಿ ಗೀರು ಮೂಡಿದರೆ ಬಾಯಿಯಲ್ಲಿ ಆ ಜಾಗದಲ್ಲಿ ಮುಕ್ಕು ಇದೆ ಎಂದರ್ಥ. ಗಂಟು ತುಂಬಿದ ಗಟ್ಟಿ ಮರಕ್ಕೆ 12 ಡಿಗ್ರಿಯ ಬಾಯಿ ಕೆಲವೊಮ್ಮೆ ಮಡಿಚಿಕೊಳ್ಳುತ್ತದೆ. ಅಂಥ ಕೆಲಸವಿದ್ದಾಗ 4000ದ ಕಲ್ಲಿನಲ್ಲಿ ತುಸು ಎತ್ತಿ, ಬದಿಗೆ ಎರಡು ಮೂರು ಹಗುರ ಎಳೆತ ಕೊಡುತ್ತೇನೆ. ಹಿಂದೆ ಮಾಡುತ್ತಿದ್ದುದೂ ಇದೇ, ಆದರೆ ಆಗ ಎಳೆತಗಳನ್ನು ಎಣಿಸುತ್ತಿರಲಿಲ್ಲ.