ಬೇಸಿಗೆಯಲ್ಲಿ ತಾನೇ ಬಂದ್ ಆಗುವ ಕಂಪ್ಯೂಟರ್: ಕಲಬುರಗಿಯಲ್ಲಿ ನಾನು ನೋಡುವ ಕ್ರಮ

ಏಪ್ರಿಲ್ ಬಂದು ಬಿಸಿಲು 42 ಡಿಗ್ರಿ ದಾಟಿತೆಂದರೆ ನಮ್ಮ ಕಡೆ ಡೆಸ್ಕ್‌ಟಾಪ್‌ಗಳ ಗೋಳು ಶುರು. ಸ್ವಲ್ಪ ಹೊತ್ತು ಓಡಿ ಬಂದ್ ಆಗುತ್ತದೆ, ಇಲ್ಲವೇ ಒಂದು ಫೈಲ್ ತೆರೆಯಲೂ ಒದ್ದಾಡುತ್ತದೆ. ಬಹಳ ಜನ ಮೊದಲು ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ. ದುಡ್ಡು ದಂಡ. ನಾನು ಮೊದಲು ಹಿಡಿಯುವುದು ಸ್ಕ್ರೂಡ್ರೈವರ್.

ಅದಕ್ಕೂ ಮುಂಚೆ ಒಂದು ಪರೀಕ್ಷೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟಗಳು) ಹೋಗಿ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಸಿಪಿಯು, ಅಂದರೆ ಪ್ರೊಸೆಸರ್‌ನ ಉಷ್ಣಾಂಶವನ್ನು ಐದು ನಿಮಿಷ ನೋಡುತ್ತೇನೆ. 50–60ರ ಹತ್ತಿರ ನಿಂತರೆ ಚಿಂತೆಯಿಲ್ಲ. ನಿಲ್ಲದೆ 85 ದಾಟಿದರೆ ಕಾರಣ ಸಿಕ್ಕಂತೆ. ಇಂಟೆಲ್‌ನ ಹೆಚ್ಚಿನ ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟುವಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಪೂರ್ತಿ ಬಂದ್. ನಿಧಾನವಾಗುವುದು, ಬಂದ್ ಆಗುವುದು ಎರಡೂ ಒಂದೇ ರೋಗ ಇರಬಹುದು.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಪಕ್ಕದ ತಗಡು ಬಿಚ್ಚುತ್ತೇನೆ. ಫ್ಯಾನಿನ ರೆಕ್ಕೆ ಒರೆಸಿ ಮುಚ್ಚಿಬಿಟ್ಟರೆ ಉಪಯೋಗವಿಲ್ಲ. ಧೂಳು ಕೂರುವುದು ಫ್ಯಾನಿಗೂ ಪ್ರೊಸೆಸರ್‌ನ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೂ ನಡುವೆ. ಫ್ಯಾನ್ ಬಿಚ್ಚದೆ ಅದು ಕಾಣುವುದೇ ಇಲ್ಲ. ಒಂದಿಂಚಿನ ಒಣ ಪೇಂಟ್ ಬ್ರಷ್ ಮತ್ತು ಬ್ಲೋವರ್ ಸಾಕು. ಗಾಳಿ ಬಿಡುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳು. ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಟ್ಯಾಟಿಕ್ (ಚಿಪ್‌ಗಳನ್ನು ಹಾಳುಮಾಡಬಲ್ಲ ಸ್ಥಿರ ವಿದ್ಯುತ್) ಕೂಡುತ್ತದೆ.

ಹೀಟ್‌ಸಿಂಕ್ ಕೆಳಗೆ ಬಿಸಿ ದಾಟಿಸಲು ಹಚ್ಚಿರುವ ಪೇಸ್ಟ್ ಸುಣ್ಣದ ಪುಡಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಹೊಸದು ಹಾಕುತ್ತೇನೆ. ಸಾಮಾನ್ಯ ಪ್ರೊಸೆಸರ್‌ಗೆ ನಡುಮಧ್ಯೆ ಒಂದು ತೊಗರಿ ಬೇಳೆಯಷ್ಟು ಸಾಕು, ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ಇಂಟೆಲ್ ಕೂಲರಿನ (ಹೀಟ್‌ಸಿಂಕ್, ಫ್ಯಾನ್ ಜೋಡಿ) ನಾಲ್ಕು ಪಿನ್ ಕೂರಿಸುವಾಗ ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ; ಒಂದು ಪಿನ್ ಅರೆಬರೆ ಕೂತರೂ ಪೇಸ್ಟ್ ಹಾಕಿದ್ದು ವ್ಯರ್ಥ. ಪಿನ್ ಇರುವ ಹಳೆ ಎಎಂಡಿ ಪ್ರೊಸೆಸರ್ ಇದ್ದರೆ ಹೀಟ್‌ಸಿಂಕ್ ನೇರ ಎಳೆಯಬೇಡಿ. ಬಿಸಿ ಇರುವಾಗಲೇ ಸ್ವಲ್ಪ ತಿರುಚಿ ಸಡಿಲಿಸಿ, ಇಲ್ಲವೆಂದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ.

ಉಷ್ಣಾಂಶ ಸರಿಯಿದ್ದೂ ಬಂದ್ ಆಗುತ್ತಿದ್ದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಎಸ್‌ಎಂಪಿಎಸ್ ಮೇಲೆ ಸಂಶಯ. ಕಂಪ್ಯೂಟರ್ ಓಡುತ್ತಿರುವಾಗ ನಾಲ್ಕು ಪಿನ್ನಿನ ಖಾಲಿ ಕನೆಕ್ಟರಿನ ಹಳದಿ, ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಹೊರಗಿದ್ದರೆ ಬದಲಿಸುವುದೊಂದೇ ದಾರಿ. ಅದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು.

ಇನ್ನು ಶಾಕ್. ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುವುದು ನಮ್ಮೂರಲ್ಲಿ ಮಾಮೂಲು ದೂರು. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಸಣ್ಣ ಪ್ರಮಾಣದ ಕರೆಂಟನ್ನು ಅರ್ಥಿಂಗ್ ತಂತಿಗೆ ಬಿಡುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ. ಕಂಪ್ಯೂಟರ್ ಬದಲಿಸಿದರೂ ಇದು ಹೋಗುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುವುದರಿಂದ ಅರ್ಥಿಂಗ್ ಗುಂಡಿಯ ಹಿಡಿತ ತಪ್ಪುತ್ತದೆ. ವಾರಕ್ಕೊಮ್ಮೆ ಒಂದೆರಡು ಬಕೆಟ್ ನೀರು ಸುರಿದು ನೋಡಿ. ಆಗಲೂ ಜುಂ ಎಂದರೆ, ಅಥವಾ ಜೋರಾಗಿ ಹೊಡೆದರೆ, ಎಲೆಕ್ಟ್ರಿಷಿಯನ್ ಕರೆಸಿ. ಎರಡು ಪಿನ್ನಿನ ಪ್ಲಗ್ ಹಾಕಿ ಓಡಿಸುವುದಂತೂ ಬೇಡವೇ ಬೇಡ.

ಏರ್ ಕೂಲರಿನ ಗಾಳಿ ಕಂಪ್ಯೂಟರಿಗೆ ನೇರ ಬೀಸದಿರಲಿ. ಆ ತೇವಕ್ಕೆ ಒಳಗಿನ ಧೂಳು ಕೆಸರಾಗುತ್ತದೆ, ಮೆಮೊರಿ ಪಟ್ಟಿಯಾದ ರ‍್ಯಾಮ್ ಕಾಲುಗಳು ಕಂದುತ್ತವೆ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ನಾನು ಮೊದಲು ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕಟ್ ಎನ್ನುವವರೆಗೆ ಒತ್ತಿ ಕೂರಿಸುತ್ತೇನೆ.

ಗಡಿಯಾರ ಹಿಂದೆ ಹೋಗಿ ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಎಂದು ತೋರಿಸಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ (ನಾಣ್ಯದಂಥ ಬ್ಯಾಟರಿ) ಮುಗಿದಿದೆ. ಹೊಸದು 3 ವೋಲ್ಟ್. ಬರೆದಿರುವ ಬದಿ ಮೇಲೆ ಬರಲಿ. ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿದ್ದರೆ ಮಾತ್ರ ಬೇರೇನನ್ನೂ ಮುಟ್ಟುವುದಿಲ್ಲ, ಡಿಸ್ಕ್ ತಪಾಸಣೆ ಮಾಡುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಓಡಿಸುವುದಿಲ್ಲ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕ್‌ಗೆ ಇಳಿಸಿಕೊಳ್ಳುತ್ತೇನೆ.